ಪುಸ್ತಕ ವಿನ್ಯಾಸದ ಫ್ರೀಲಾನ್ಸ್ ಕೆಲಸ: ಮಾದರಿ ಪುಟದಿಂದ ಮುದ್ರಣದ ಫೈಲ್‌ವರೆಗೆ

ಪುಸ್ತಕ, ನಿಯತಕಾಲಿಕೆ, ವಾರ್ಷಿಕ ವರದಿಗಳ ವಿನ್ಯಾಸವನ್ನೇ ಸ್ವತಂತ್ರ ವೃತ್ತಿಯಾಗಿ ಮಾಡಿಕೊಳ್ಳಲು ಹೊರಟವರು ಹೆಚ್ಚಾಗಿ ಮುಖಪುಟದ ಮೇಲೆಯೇ ಕಣ್ಣಿಟ್ಟಿರುತ್ತಾರೆ. ಮೊದಲ ಕೆಲಸ ಮುಖಪುಟ ನೋಡಿಯೇ ಸಿಗಬಹುದು. ಆದರೆ ಎರಡನೆಯದು ಸಿಗುವುದು ಒಳಪುಟಗಳು ಅಚ್ಚುಕಟ್ಟಾಗಿದ್ದು, ನೀವು ಕೊಟ್ಟ ಪಿಡಿಎಫ್ ತಕರಾರಿಲ್ಲದೆ ಅಚ್ಚಿಗೆ ಹೋದಾಗ. ಹಾಗಾಗಿ ತಯಾರಿಯೂ ಅಲ್ಲಿಂದಲೇ ಶುರುವಾಗಲಿ.

ಮಾದರಿ ಕಟ್ಟುವುದು

ಗ್ರಾಹಕರು ಇನ್ನೂ ಇಲ್ಲದಿದ್ದರೆ, ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಯೊಂದನ್ನು ತೆಗೆದುಕೊಂಡು 16 ಪುಟ ಕಟ್ಟಿ. ಶೀರ್ಷಿಕೆ ಪುಟ, ಪರಿವಿಡಿ, ಅಧ್ಯಾಯದ ಮೊದಲ ಪುಟ, ಅಡಿಟಿಪ್ಪಣಿ ಇರುವ ಪುಟ, ಒಂದು ಕೋಷ್ಟಕ, ಒಂದಷ್ಟು ಪದ್ಯ ಅದರಲ್ಲಿರಲಿ. ಅಡಿಟಿಪ್ಪಣಿ ಮತ್ತು ಕೋಷ್ಟಕ ನಿಭಾಯಿಸಿದ ರೀತಿ ನೋಡಿದರೆ ಸಾಕು, ಅನುಭವಿ ಪ್ರಕಾಶಕರಿಗೆ ನಿಮ್ಮ ಕೈಚಳಕ ಗೊತ್ತಾಗುತ್ತದೆ. ಇಂಥ ಮೂರು ಕೆಲಸ ಇದ್ದರೆ ಧಾರಾಳವಾಯಿತು.

ಈ 16 ಪುಟಕ್ಕೆ ಹಿಡಿದ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ದರ ಹೇಳುವಾಗ ಬೇಕಾಗುತ್ತದೆ.

ಕೆಲಸ ಹುಡುಕುವಾಗ ಸಣ್ಣ ಪ್ರಕಾಶಕರು, ಸ್ವಂತ ಪುಸ್ತಕ ತರುವ ಲೇಖಕರು, ಮುದ್ರಣಾಲಯಗಳು, ಈ ಮೂರೂ ಕಡೆ ಮಾದರಿ ಕಳಿಸಿ. ಮುದ್ರಣಾಲಯವನ್ನು ಮರೆಯುವವರೇ ಹೆಚ್ಚು. ಫೈಲ್ ಸರಿಯಿಲ್ಲದೆ ತೊಂದರೆಪಡುವುದು ಅವರೇ ಆದ್ದರಿಂದ, ನಂಬಿಕೆಯ ವಿನ್ಯಾಸಕರ ಹೆಸರನ್ನು ಗ್ರಾಹಕರಿಗೆ ಹೇಳುವವರೂ ಅವರೇ. ಒಂದು ತ್ರೈಮಾಸಿಕ ಪತ್ರಿಕೆ ಸಿಕ್ಕಿದರೆ ಬಿಡಬೇಡಿ. ದೊಡ್ಡ ಮೊತ್ತ ಬರದಿದ್ದರೂ ವರ್ಷಕ್ಕೆ ನಾಲ್ಕು ಸಲ ಖಚಿತವಾಗಿ ಬರುತ್ತದೆ.

ದರ ಹೇಳುವ ಮುನ್ನ ಲೆಕ್ಕ

ಹಸ್ತಪ್ರತಿ ನೋಡದೆ ಮೊತ್ತ ಹೇಳಬೇಡಿ. 48,000 ಪದಗಳ ಕೃತಿ, ಎ5 (148 × 210 ಮಿ.ಮೀ.) ಪುಟಕ್ಕೆ ಸುಮಾರು 200 ಪದ ಹಿಡಿದರೆ 240 ಪುಟ. 16 ಪುಟದ ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಕಟ್ಟು) ಲೆಕ್ಕದಲ್ಲಿ ಸರಿಯಾಗಿ 15 ಫಾರಂ. ಇದೇ 243 ಪುಟಕ್ಕೆ ಹೋದರೆ ಹದಿನಾರನೇ ಫಾರಂ ಬೇಕಾಗಿ 13 ಪುಟ ಖಾಲಿ ಉಳಿಯಬಹುದು. ಸಾಲಿನ ಅಂತರವನ್ನೋ ಅಂಚನ್ನೋ ತುಸು ಹೊಂದಿಸಿ ಮೂರು ಪುಟ ಉಳಿಸಿಕೊಟ್ಟರೆ ಪ್ರಕಾಶಕರ ಕಾಗದದ ಖರ್ಚು ಇಳಿಯುತ್ತದೆ. ಇದನ್ನು ಕೆಲಸ ಶುರುವಾಗುವ ಮುನ್ನವೇ ಹೇಳಬಲ್ಲವರ ಮಾತಿಗೆ ತೂಕ ಬರುತ್ತದೆ.

ಇನ್ನು ಗಂಟೆಗಳು. 16 ಪುಟಕ್ಕೆ 2 ಗಂಟೆ ಹಿಡಿದಿದ್ದರೆ 240 ಪುಟಕ್ಕೆ 30 ಗಂಟೆ. ತಿದ್ದುಪಡಿಗೆ ಇನ್ನೂ 10 ಗಂಟೆ ಸೇರಿಸಿ. ಗಂಟೆಯ ದರ ಕಂಡುಕೊಳ್ಳಲು ತಿಂಗಳ ಮನೆಖರ್ಚು, ತೆರಿಗೆ, ಸಾಫ್ಟ್‌ವೇರ್, ಫಾಂಟ್ ಲೈಸೆನ್ಸ್, ಕಂಪ್ಯೂಟರ್ ಬದಲಿಸಲು ಎತ್ತಿಡಬೇಕಾದ ಹಣ ಎಲ್ಲವನ್ನೂ ಕೂಡಿಸಿ, ಬಿಲ್ ಮಾಡಬಹುದಾದ ಗಂಟೆಗಳಿಂದ ಭಾಗಿಸಿ. ವಾರಕ್ಕೆ 40 ಗಂಟೆ ದುಡಿದರೂ ಬಿಲ್ ಆಗುವುದು ಅರ್ಧದಷ್ಟು ಎಂದೇ ಇಟ್ಟುಕೊಳ್ಳಿ. ಉಳಿದದ್ದು ಫೋನು, ಇಮೇಲು, ಬಾಕಿ ವಸೂಲಿಗೆ ಹೋಗುತ್ತದೆ. ಒಳಪುಟಕ್ಕೆ ಪುಟದ ದರ, ಮುಖಪುಟಕ್ಕೆ ಒಟ್ಟು ಮೊತ್ತ ಹೇಳುವುದು ಒಳ್ಳೆಯದು.

ಕರಾರು ಪತ್ರ

ಒಂದೇ ಪುಟವಾದರೂ ಸರಿ, ಬರಹದಲ್ಲಿರಲಿ. ಪುಟಗಳ ಅಂದಾಜು, ಗಡುವು, ಅರ್ಧ ಮುಂಗಡ, ಮುದ್ರಣದ ಫೈಲ್ ಕೊಡುವ ಮೊದಲು ಉಳಿದರ್ಧ. ಎರಡು ಸುತ್ತು ತಿದ್ದುಪಡಿ ಉಚಿತ, ಮೂರನೆಯದಕ್ಕೆ ಗಂಟೆಯ ದರ. ಇಲ್ಲಿ ಒಂದು ಗೆರೆ ಎಳೆಯಬೇಕು: ನಿಮ್ಮಿಂದಾದ ತಪ್ಪನ್ನು ಎಷ್ಟು ಸಲವಾದರೂ ತಿದ್ದಿಕೊಡಬೇಕು, ಆದರೆ ಪುಟ ಕಟ್ಟಿದ ಮೇಲೆ ಲೇಖಕರು ಹೊಸ ಪ್ಯಾರಾ ಸೇರಿಸಿದರೆ ಅದು ಬೇರೆ ಕೆಲಸ. ನಡುವೆ ಒಂದು ಪ್ಯಾರಾ ಬಂದರೆ ಮುಂದಿನ ಪುಟಗಳೆಲ್ಲ ಸರಿದು, ಪರಿವಿಡಿ, ಪದಸೂಚಿಗಳ ಪುಟಸಂಖ್ಯೆಯೂ ಬದಲಾಗುತ್ತದೆ. ಕರಡು ತಿದ್ದಿ ಮುಗಿದ ಹಸ್ತಪ್ರತಿಯನ್ನೇ ಕೇಳಿ ಪಡೆಯಿರಿ.

ಮೂಲ ಫೈಲ್ ಯಾರದು ಎಂಬುದನ್ನೂ ಬರೆಯಿರಿ. ಫೈಲ್ ಕೊಟ್ಟರೂ ಅದರ ಜೊತೆ ಫಾಂಟ್ ಕೊಡುವ ಹಕ್ಕು ಸಾಮಾನ್ಯವಾಗಿ ನಿಮಗಿರುವುದಿಲ್ಲ. ಇ-ಪುಸ್ತಕದೊಳಗೆ ಫಾಂಟ್ ಹುದುಗಿಸಲು ಪ್ರತ್ಯೇಕ ಲೈಸೆನ್ಸ್ ಕೇಳುವ ಕಂಪನಿಗಳೂ ಇವೆ. ನೋಟೋ ಸೆರಿಫ್ ಕನ್ನಡದಂಥ ಮುಕ್ತ ಲೈಸೆನ್ಸಿನ ಫಾಂಟ್ ಬಳಸಿದರೆ ಈ ತಲೆನೋವಿಲ್ಲ.

ಪಠ್ಯ ಕೈಗೆ ಬಂದ ಮೇಲೆ

ಕನ್ನಡದ ಹಸ್ತಪ್ರತಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್‌ಗೆ ಬದಲಿಸಿ. ಬದಲಿಸುವಾಗ ಅರ್ಕಾವತ್ತಿನ ಪದ, ಒತ್ತಕ್ಷರ, ಉದ್ಧರಣ ಚಿಹ್ನೆಗಳನ್ನು ಕಣ್ಣಿಟ್ಟು ನೋಡಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿರುವುದೂ ಉಂಟು. ಅಚ್ಚಿನಲ್ಲಿ ವ್ಯತ್ಯಾಸ ಕಾಣದೇ ಹೋಗಬಹುದು, ಆದರೆ ಇ-ಪುಸ್ತಕದಲ್ಲಿ ಆ ಪದ ಹುಡುಕಿದರೆ ಸಿಗುವುದಿಲ್ಲ.

ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಒಡೆದು ನಿಂತರೆ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು. 12 ಪಾಯಿಂಟ್ ಅಕ್ಷರಕ್ಕೆ 17 ಅಥವಾ 18 ಪಾಯಿಂಟ್ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ. ನಮ್ಮ ಪದಗಳು ಉದ್ದ. ಕಿರಿದಾದ ಅಂಕಣದಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಕಂದಕ ಬೀಳುತ್ತದೆ. ಅಲ್ಲಿ ಎಡ ಅಂಚನ್ನು ಮಾತ್ರ ಸಮ ಮಾಡಿ.

ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕು. 1200 ಪಿಕ್ಸೆಲ್ ಅಗಲದ ಫೋಟೊ 4 ಅಂಗುಲಕ್ಕಷ್ಟೇ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಮುದ್ರಣದ ಫೈಲ್

ಪುಸ್ತಕದ ಬೆನ್ನಿನ, ಅಂದರೆ ಹಾಳೆಗಳನ್ನು ಸೇರಿಸಿ ಕಟ್ಟಿದ ಬದಿಯ ದಪ್ಪದ, ಲೆಕ್ಕದಲ್ಲಿ ಎಡವುವವರು ಬಹಳ. 240 ಪುಟ ಎಂದರೆ 120 ಹಾಳೆ. ಹಾಳೆಯ ದಪ್ಪ 0.1 ಮಿ.ಮೀ. ಆದರೆ ಬೆನ್ನು 12 ಮಿ.ಮೀ. ಎ5 ಪುಸ್ತಕದ ಪೂರ್ತಿ ಹೊದಿಕೆಯ ಅಗಲ 148+12+148, ಅಂದರೆ 308 ಮಿ.ಮೀ. ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯಲು ಬಿಡುವ ಹೆಚ್ಚುವರಿ ಅಂಚು) ಸೇರಿ 314 × 216 ಮಿ.ಮೀ. ಕೊನೆಗಳಿಗೆಯಲ್ಲಿ 0.12 ಮಿ.ಮೀ. ಕಾಗದ ಬಂದರೆ ಬೆನ್ನು 14.4 ಆಗಿ, ಬೆನ್ನಿನ ಬಣ್ಣದ ಪಟ್ಟಿ ಸಾಲದೇ ಹೋಗುತ್ತದೆ. ಕಾಗದದ ಗ್ರಾಂ ತೂಕ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದು) ಒಂದೇ ಇದ್ದರೂ ದಪ್ಪ ಬೇರೆಯಿರಬಹುದು. ಆದ್ದರಿಂದ ದಪ್ಪವನ್ನೇ ಮುದ್ರಣಾಲಯದಿಂದ ಬರಹದಲ್ಲಿ ಪಡೆಯಿರಿ.

ವರ್ಡ್‌ನಿಂದ ತಂದ ಪಠ್ಯದ ಕಪ್ಪು ಕೆಲವೊಮ್ಮೆ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ) ಕಪ್ಪಾಗಿರುತ್ತದೆ. ಅಚ್ಚಿನ ನಾಲ್ಕು ಬಣ್ಣಗಳ ಪದ್ಧತಿಯಾದ ಸಿಎಂವೈಕೆಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಬದಲಿಸಿದಾಗ ಅದು ನಾಲ್ಕೂ ಶಾಯಿಗಳ ಮಿಶ್ರಣವಾಗುತ್ತದೆ. ಅಚ್ಚಿನಲ್ಲಿ ಒಂದೊಂದು ಶಾಯಿಯ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಪರೀಕ್ಷೆ ಸುಲಭ: ಪಿಡಿಎಫ್ ತಂತ್ರಾಂಶ ಆಕ್ರೊಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಪ್ಲೇಟಿನ ಗುರುತು ತೆಗೆದು ಅದನ್ನು ಮರೆಮಾಡಿ. ಪಠ್ಯವೆಲ್ಲ ಮಾಯವಾದರೆ ಸರಿ. ಒಂದು ಸಾಲು ಮಸುಕಾಗಿ ಉಳಿದರೂ ಅದನ್ನು ಹುಡುಕಿ 100 ಶೇಕಡಾ ಕಪ್ಪು ಮಾತ್ರ ಇರುವಂತೆ ಮಾಡಿ.

ಮುದ್ರಣಕ್ಕೆಂದೇ ಇರುವ ಪಿಡಿಎಫ್ ಮಾದರಿಗಳಲ್ಲಿ ಪಿಡಿಎಫ್/ಎಕ್ಸ್-1ಎ ಬೇಕೋ ಎಕ್ಸ್-4 ಬೇಕೋ ಮುದ್ರಣಾಲಯವನ್ನೇ ಕೇಳಿ. ಮೊದಲನೆಯದರಲ್ಲಿ ಪಾರದರ್ಶಕ ಪದರಗಳನ್ನು ಒಂದಾಗಿಸಿ ಚಪ್ಪಟೆ ಮಾಡಲೇಬೇಕು, ಎರಡನೆಯದರಲ್ಲಿ ಹಾಗೆಯೇ ಉಳಿಸಬಹುದು. ಕಳಿಸಿದ ಪಿಡಿಎಫ್ ಮತ್ತು ಮೂಲ ಫೈಲಿನ ಮೂರು ಪ್ರತಿ ಇರಲಿ, ಅವುಗಳಲ್ಲಿ ಒಂದು ಪ್ರತಿ ಮನೆಯ ಹೊರಗೆ ಬೇರೆಡೆ ಇರಲಿ.

ಅಚ್ಚಾದ ಪುಸ್ತಕದ ಎರಡು ಪ್ರತಿ ನಿಮಗೆ ಕೊಡಬೇಕೆಂದು ಕರಾರಿನಲ್ಲೇ ಸೇರಿಸಿಕೊಳ್ಳಿ. ಒಂದು ಪ್ರತಿ ಗ್ರಾಹಕರಿಗೆ ತೋರಿಸಲು. ಇನ್ನೊಂದರ ಬೆನ್ನನ್ನು ಅಳೆದು, ನಿಮ್ಮ ಲೆಕ್ಕಕ್ಕೆ ಹೋಲಿಸಿ, ಆ ಕಾಗದದ ನಿಜವಾದ ದಪ್ಪವನ್ನು ಮುಂದಿನ ಪುಸ್ತಕಕ್ಕಾಗಿ ಬರೆದಿಟ್ಟುಕೊಳ್ಳಿ.