ಮಂಗಳೂರು ಹಳೆ ಬಂದರು: ನೀರಿನ ಆಳ, ಮಂಜಿಗಳ ಅವಸರ, ದಕ್ಕೆಯ ತುಕ್ಕು

ಮಂಗಳೂರಿನ ಬಂದರು ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಪಣಂಬೂರು. ಅದು 1974ರಲ್ಲಿ ಮಹಾ ಬಂದರು ಅಂತ ಘೋಷಣೆಯಾದ ನವಮಂಗಳೂರು ಬಂದರು, ಕೇಂದ್ರ ಸರ್ಕಾರದ್ದು. ನಾನು ಕೆಲಸ ಮಾಡಿದ್ದು ಅಲ್ಲಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ಹಳೆ ಬಂದರಿನಲ್ಲಿ. ಊರಿನವರಿಗೆ ಅದು ಬರೀ 'ಬಂದರ್'. ರಾಜ್ಯ ಸರ್ಕಾರದ ಕಿರು ಬಂದರು, ಈಗ ಕರ್ನಾಟಕ ಮ್ಯಾರಿಟೈಮ್ ಬೋರ್ಡಿನ ಕೈಯಲ್ಲಿದೆ. ದಕ್ಕೆ ಅಂದರೆ ದೋಣಿ, ಹಡಗು ತಾಗಿ ನಿಲ್ಲುವ ಕಟ್ಟೆ. ಒಂದು ಕಡೆ ಮೀನಿನ ದಕ್ಕೆ, ಇನ್ನೊಂದು ಕಡೆ ಸರಕಿನ ದಕ್ಕೆ. ಎದುರಿಗೆ, ನದಿಯ ಆಚೆ ದಡದಲ್ಲಿ, ಬೆಂಗ್ರೆ. ಗುರುಪುರ ನದಿ ಪಕ್ಕದಲ್ಲೇ ಹರಿದು, ನೇತ್ರಾವತಿಯ ಜೊತೆ ಸೇರಿ ಅಳಿವೆ ಬಾಗಿಲಿನಲ್ಲಿ ಸಮುದ್ರಕ್ಕೆ ಬೀಳುತ್ತದೆ.

ಇಲ್ಲಿಗೆ ಬರುವ ಹಡಗು ಅಂದರೆ ಮುಖ್ಯವಾಗಿ ಮಂಜಿ. ಮರದ ಒಡಲು, ಡೀಸೆಲ್ ಇಂಜಿನ್. ಹೋಗುವುದು ಲಕ್ಷದ್ವೀಪಕ್ಕೆ. ಅಲ್ಲಿ ಜನ ಇರುವುದು ಹತ್ತು ದ್ವೀಪಗಳಲ್ಲಿ. ನೆಲ ಎಲ್ಲಾ ಹವಳದ ಪುಡಿ. ತೆಂಗು ಬೆಳೆಯುತ್ತದೆ, ಅಕ್ಕಿ ಬೆಳೆಯುವುದಿಲ್ಲ. ಮನೆ ಕಟ್ಟಲು ಕಲ್ಲಿಲ್ಲ. ಹಾಗಾಗಿ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಹೊಯ್ಗೆ (ಮರಳು), ಕಬ್ಬಿಣ, ಆಡು, ದನ, ದನಕ್ಕೆ ಹುಲ್ಲು, ಎಲ್ಲಾ ಈಚೆ ದಡದಿಂದಲೇ ಹೋಗಬೇಕು. ಕೊಚ್ಚಿ, ಬೇಪೂರಿನಿಂದಲೂ ಹೋಗುತ್ತದೆ, ನಮ್ಮಿಂದಲೂ ಹೋಗುತ್ತದೆ. ಇಲ್ಲಿ ಒಂದು ಮಂಜಿ ತಡವಾದರೆ ಅಲ್ಲಿ ಯಾರದೋ ಅಂಗಡಿಯಲ್ಲಿ ಈರುಳ್ಳಿ ಇರುವುದಿಲ್ಲ. ಹಾಗಂತ ಅವಸರ ಮಾಡಿ ಬಿಟ್ಟರೆ ಆಗುವುದು ಇನ್ನೂ ಕೆಟ್ಟದ್ದು.

ಬಂದರು ನಡೆಸುವುದು ಅಂದರೆ ಕ್ರೇನು, ಗೋದಾಮು, ಸುಂಕ ಅಂತ ಜನ ಅಂದುಕೊಳ್ಳುತ್ತಾರೆ. ನದಿಯೊಳಗಿನ ಸಣ್ಣ ಬಂದರಿನಲ್ಲಿ ಮೊದಲ ಪ್ರಶ್ನೆ ಬೇರೆಯೇ: ಇವತ್ತು ಅಳಿವೆಯಲ್ಲಿ ಎಷ್ಟು ನೀರಿದೆ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ. ಮಳೆಗಾಲದಲ್ಲಿ ಎರಡು ನದಿಗಳೂ ಘಟ್ಟದ ಮಣ್ಣು ಹೊತ್ತು ತರುತ್ತವೆ. ಸಮುದ್ರ ಆಚೆಯಿಂದ ಹೊಯ್ಗೆ ತಳ್ಳುತ್ತದೆ. ಬೆಂಗ್ರೆ ಕಡೆಗೊಂದು, ಉಳ್ಳಾಲ ಕಡೆಗೊಂದು ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಗೋಡೆ, ಇದ್ದರೂ ನಡುವೆ ದಿಣ್ಣೆ ಕಟ್ಟುವುದು ನಿಲ್ಲುವುದಿಲ್ಲ. ಮೇ ತಿಂಗಳಲ್ಲಿ ಇದ್ದ ದಾರಿ ಸೆಪ್ಟೆಂಬರಿನಲ್ಲಿ ಅದೇ ಜಾಗದಲ್ಲಿ ಇರುತ್ತದೆ ಅಂತ ನಂಬುವ ಹಾಗಿಲ್ಲ.

ಅದಕ್ಕೆ ನಾನು ಮೊದಲು ಶುರು ಮಾಡಿದ್ದು ಆಳದ ರಿಜಿಸ್ಟರ್. ವಾರಕ್ಕೊಮ್ಮೆ ದೋಣಿ ತೆಗೆದುಕೊಂಡು ಅಳಿವೆಯವರೆಗೆ ಹೋಗಿ ಅಳೆಯುವುದು. ತಳಕ್ಕೆ ಶಬ್ದ ಕಳಿಸಿ ಆಳ ಅಳೆಯುವ, ಜಿಪಿಎಸ್ ಇರುವ ಸಣ್ಣ ಎಕೋ ಸೌಂಡರ್ ಇತ್ತು. ಆದರೆ ಸೀಸದ ಗುಂಡು ಕಟ್ಟಿದ ಹಗ್ಗವನ್ನೂ ಬಿಡಲಿಲ್ಲ. ಯಾಕೆ ಅಂದರೆ, ಮಳೆ ಮುಗಿದ ಹೊಸತರಲ್ಲಿ ತಳದಲ್ಲಿ ಗಂಜಿಯಂಥ ತೆಳು ಕೆಸರು ನಿಂತಿರುತ್ತದೆ. ಯಂತ್ರದ ಶಬ್ದ ಆ ಕೆಸರಿನ ಮೇಲ್ಮೈಗೇ ತಾಗಿ ವಾಪಸ್ ಬರುತ್ತದೆ, ಆಳ ಕಡಿಮೆ ತೋರಿಸುತ್ತದೆ. ಗುಂಡು ಅದನ್ನು ದಾಟಿ ಗಟ್ಟಿ ತಳಕ್ಕೆ ಹೋಗುತ್ತದೆ. ಗುಂಡಿನ ಬುಡದಲ್ಲಿ ಒಂದು ಗುಳಿ ಇರುತ್ತದೆ, ಅದಕ್ಕೆ ಗ್ರೀಸ್ ತುಂಬಿ ಇಳಿಸಬೇಕು. ಮೇಲೆಳೆದಾಗ ಗ್ರೀಸಿಗೆ ಹೊಯ್ಗೆ ಅಂಟಿದೆಯೋ, ಕೆಸರೋ, ಚಿಪ್ಪೋ ಅಂತ ಬೆರಳಲ್ಲಿ ಮುಟ್ಟಿ ನೋಡಬಹುದು. ಮಂಜಿ ಕೆಸರಿಗೆ ಒರೆಸಿಕೊಂಡು ಹೋದರೆ ಬದುಕುತ್ತದೆ. ಅಲೆಯ ಜೊತೆ ಗಟ್ಟಿ ಹೊಯ್ಗೆಗೆ ಬಡಿದರೆ ಹಲಗೆಯ ಸಂದು ಬಿಡುತ್ತದೆ. ಹಾಗಾಗಿ ರಿಜಿಸ್ಟರಿನಲ್ಲಿ ಆಳದ ಪಕ್ಕದಲ್ಲೇ ತಳ ಎಂಥದ್ದು ಅನ್ನುವುದಕ್ಕೂ ಒಂದು ಕಾಲಂ ಹಾಕಿದೆ.

ಅಳೆದ ಸಂಖ್ಯೆಯನ್ನು ಹಾಗೇ ಬರೆದರೆ ಪ್ರಯೋಜನ ಇಲ್ಲ. ಅಳೆದ ಹೊತ್ತಿನಲ್ಲಿ ಭರತ (ಕಡಲಿನ ಉಬ್ಬರ) ಎಷ್ಟಿತ್ತು ಅಂತ ದಕ್ಕೆಯ ಅಳತೆ ಕೋಲು ನೋಡಿ ಅದನ್ನು ಕಳೆಯಬೇಕು. ಹಗ್ಗ 4.1 ಮೀಟರ್ ತೋರಿಸಿತು, ಕೋಲಿನಲ್ಲಿ 1.2 ಇತ್ತು ಅಂದರೆ ನಿಜವಾದ ಲೆಕ್ಕ 2.9. ಈಗ ತುಂಬಿದ ಮಂಜಿ ನೀರಿನೊಳಗೆ 3.2 ಮೀಟರ್ ಕೂರುತ್ತದೆ ಅಂತ ಇಟ್ಟುಕೊಳ್ಳಿ. ಅಡಿಯಲ್ಲಿ ಅರ್ಧ ಮೀಟರ್ ಆದರೂ ಬಿಡಬೇಕು. ಒಟ್ಟು 3.7 ಬೇಕು. ಹಾಗಾದರೆ ಭರತ 0.8 ದಾಟಿದ ಮೇಲೆಯೇ ಅದು ಹೊರಡಬಹುದು. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಯಲ್ಲೂ ಭರತ-ಇಳಿತದ ಅಂತರ ಒಂದೂವರೆ ಮೀಟರ್ ಆಸುಪಾಸು, ಅಷ್ಟೇ. ಗುಜರಾತಿನ ಖಂಭಾತ್ ಕೊಲ್ಲಿಯ ಹಾಗೆ ಹತ್ತು ಮೀಟರ್ ಏರುವ ಕಡಲಲ್ಲ ಇದು. ಸಿಗುವುದೇ ಸ್ವಲ್ಪ, ಅದನ್ನು ಹೊತ್ತು ನೋಡಿ ಬಳಸಬೇಕು. ಸರ್ವೆ ಆಫ್ ಇಂಡಿಯಾದ ಭರತ-ಇಳಿತದ ಪಟ್ಟಿ ಮೇಜಿನ ಮೇಲಿರುತ್ತಿತ್ತು. ದಿನಕ್ಕೆ ಎರಡು ಭರತ, ಎರಡೂ ಒಂದೇ ಎತ್ತರ ಅಲ್ಲ. ಮಳೆ ನೀರು ನದಿಯಲ್ಲಿ ಜೋರಾಗಿದ್ದರೆ ಪಟ್ಟಿಗೂ ಕೋಲಿಗೂ ತಾಳೆಯಾಗುವುದಿಲ್ಲ. ಅಂಥ ದಿನ ನಾನು ಕೋಲನ್ನೇ ನಂಬುತ್ತಿದ್ದೆ.

ಇನ್ನೊಂದು ವಿಷಯ ಲೆಕ್ಕದಲ್ಲಿ ಕಾಣುವುದಿಲ್ಲ. ಅಡಿಯಲ್ಲಿ ಬಿಡುವ ಅರ್ಧ ಮೀಟರ್ ನದಿಯೊಳಗೆ ಸಾಕು, ಅಳಿವೆ ಬಾಗಿಲಲ್ಲಿ ಸಾಲುವುದಿಲ್ಲ. ಅಲ್ಲಿ ಅಲೆ ಇಳಿದಾಗ ಹಡಗೂ ಅದರ ಜೊತೆ ಇಳಿಯುತ್ತದೆ. ಇಳಿತದ ಹೊತ್ತಿನಲ್ಲಂತೂ ನದಿಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ಬರುತ್ತದೆ. ಎರಡೂ ಮುಖಾಮುಖಿ ಆದಾಗ ಅಲೆ ಗೋಡೆಯ ಹಾಗೆ ಎದ್ದು ಒಡೆಯುತ್ತದೆ. ಪಟ್ಟಿ ಪ್ರಕಾರ ನೀರು ಇನ್ನೂ ಸಾಕಷ್ಟಿದ್ದರೂ ಆಗ ಬಿಡಬಾರದು. ಭರತ ತುಂಬಿ ನಿಲ್ಲುವ ಮುಂಚಿನ ಹೊತ್ತೇ ಸರಿಯಾದದ್ದು.

ಇದನ್ನು ಮಂಜಿ ನಡೆಸುವ ತಂಡೇಲರಿಗೆ ಒಪ್ಪಿಸುವುದು ಬೇರೆಯೇ ಕೆಲಸ. ಅವರಲ್ಲಿ ಹಲವರು ನನಗಿಂತ ಜಾಸ್ತಿ ಕಡಲು ಕಂಡವರು. ಒಂದು ಸಂಜೆ ಒಬ್ಬರು ಕಚೇರಿ ಬಾಗಿಲಲ್ಲಿ ನಿಂತು, "ಸಾರ್, ನೀವು ಹೇಳಿದಷ್ಟು ನೀರು ಉಂಟಲ್ಲಾ. ಈಗ ಬಿಡದಿದ್ರೆ ಟೊಮೆಟೊ ಕೊಳೀತದೆ" ಅಂದರು.

"ನೀರು ಉಂಟು ತಂಡೇಲರೇ. ಆದ್ರೆ ಇಳಿತ ಶುರುವಾಗಿದೆ, ಗಾಳಿಯೂ ಪಡುವಲಿಂದ. ಬೆಳಗ್ಗಿನ ಭರತಕ್ಕೆ ಹೋಗಿ."

"ಟೊಮೆಟೊದವನಿಗೆ ನೀವೇ ಹೇಳಿ ಹಾಗಾದ್ರೆ."

ಫೋನ್ ಮಾಡಿ ನಾನೇ ಹೇಳಿದೆ. ಆ ವ್ಯಾಪಾರಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಕಚೇರಿಯ ಹೊರಗೆ ಒಂದು ಕಪ್ಪು ಹಲಗೆ. ನಾಳೆಯ ಎರಡು ಭರತದ ಹೊತ್ತು, ಅಳಿವೆಯಲ್ಲಿ ಅಳೆದ ಆಳ, ಅಳೆದ ತಾರೀಕು. ಲೋಡ್ ಶುರುವಾಗುವ ಮೊದಲೇ ಅದು ಎಲ್ಲರ ಕಣ್ಣಿಗೆ ಬೀಳಬೇಕು. ಹಾಗಾದಾಗ ಬೇಗ ಕೆಡುವ ಸರಕು ತರುವ ಲಾರಿಗೆ ಯಾವಾಗ ಬಾ ಅನ್ನಬೇಕು ಅಂತ ಏಜೆಂಟರೇ ಲೆಕ್ಕ ಹಾಕತೊಡಗಿದರು. ಜಲ್ಲಿ, ಸಿಮೆಂಟು ಮೊದಲು, ತರಕಾರಿ, ಆಡು ಕೊನೆಗೆ. ಆಡು ಹತ್ತಿಸಿದ ಮೇಲೆ ಮಂಜಿಯನ್ನು ರಾತ್ರಿ ನಿಲ್ಲಿಸಿಕೊಂಡರೆ ದಕ್ಕೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ಅದು ಬೇರೆ ಮಾತು.

ಭಾರ ಜಾಸ್ತಿ ಹೇರುವುದು ಇನ್ನೊಂದು ತಲೆನೋವು. ಕ್ಲಿಯರೆನ್ಸ್, ಅಂದರೆ ಹೊರಡುವ ಅನುಮತಿ, ಕೊಡುವ ಮೊದಲು ಕಾಗದ ನೋಡುವುದು ಸುಲಭ: ಸರ್ವೆ ಸರ್ಟಿಫಿಕೇಟು, ಖಲಾಸಿಗಳ ಪಟ್ಟಿ, ಲೈಫ್ ಜಾಕೆಟ್, ವಿಎಚ್‌ಎಫ್ ರೇಡಿಯೊ. ಆದರೆ ಕಾಗದದಲ್ಲಿ 200 ಟನ್ ಅಂತ ಬರೆದದ್ದು ಒಡಲಲ್ಲಿ ಎಷ್ಟಿದೆ ಅಂತ ಹೇಳುವುದು ಲೋಡ್ ಲೈನ್ ಗೆರೆ ಮಾತ್ರ, ಹಡಗು ನೀರಿನಲ್ಲಿ ಎಲ್ಲಿಯವರೆಗೆ ಮುಳುಗಬಹುದು ಅಂತ ಒಡಲ ಬದಿಯಲ್ಲಿ ಎಳೆದ ಗುರುತು. ನಾನು ದಕ್ಕೆಗೆ ಹೋಗಿ ಎರಡೂ ಬದಿ ನೋಡದೆ ಸಹಿ ಹಾಕುತ್ತಿರಲಿಲ್ಲ. ದಕ್ಕೆ ಕಡೆಯ ಬದಿ ಕಾಣುತ್ತದೆ, ನದಿ ಕಡೆಯದ್ದು ಕಾಣುವುದಿಲ್ಲ. ಒಂದು ಕಡೆಗೆ ವಾಲಿದ್ದರೆ ಗೊತ್ತಾಗುವುದು ಆಚೆ ಬದಿಯಲ್ಲೇ. ಡೆಕ್ ಮೇಲೆ ಹೇರಿದ ಪಿವಿಸಿ ಪೈಪು, ಖಾಲಿ ಸಿಂಟೆಕ್ಸ್ ಟ್ಯಾಂಕ್ ಭಾರ ಇರುವುದಿಲ್ಲ, ಆದರೆ ಗಾಳಿ ಹಿಡಿಯುತ್ತವೆ. ಅದಕ್ಕೂ ತಕರಾರು ತೆಗೆಯುತ್ತಿದ್ದೆ. ಭಾರ ಕಡಿಮೆ ಬರೆದರೆ ವಾರ್ಫೇಜ್ (ಸರಕಿನ ಮೇಲಿನ ದಕ್ಕೆ ಶುಲ್ಕ) ಕಡಿಮೆ ಬೀಳುತ್ತದೆ ಅನ್ನುವ ಆಸೆಯೂ ಅಲ್ಲಿ ಸೇರಿಕೊಂಡಿರುತ್ತದೆ. ಹಾಗಾಗಿ ಗೆರೆ ನೋಡುವುದು ಜೀವಕ್ಕೂ ಒಳ್ಳೆಯದು, ಖಜಾನೆಗೂ ಒಳ್ಳೆಯದು.

ಹವಾಮಾನದ ವಿಷಯದಲ್ಲಿ ನಾನು ಚರ್ಚೆಗೇ ಹೋಗುತ್ತಿರಲಿಲ್ಲ. ಹವಾಮಾನ ಇಲಾಖೆ ಬಂದರುಗಳಿಗೆ ಸಿಗ್ನಲ್ ಸಂಖ್ಯೆ ಕಳಿಸುತ್ತದೆ. 1 ಮತ್ತು 2 ಅಂದರೆ ದೂರದಲ್ಲಿ ಏನೋ ಇದೆ. 3 ಅಂದರೆ ಬಂದರಿಗೇ ಬಿರುಗಾಳಿಯ ಭಯ ಇದೆ. 4 ಅಂದರೆ ಚಂಡಮಾರುತದ ಭಯ. ಅಲ್ಲಿಂದ ಮೇಲೆ ಅಪಾಯ, ಮಹಾ ಅಪಾಯ. 11 ಬಂದರೆ ಸಂಪರ್ಕವೇ ಕಡಿದುಹೋಗಿದೆ ಅಂತ. ಹಗಲು ಕಂಬಕ್ಕೆ ಕಪ್ಪು ಆಕೃತಿ, ರಾತ್ರಿ ದೀಪ. ಈಗ ಎಲ್ಲರ ಫೋನಿನಲ್ಲೂ ಗಾಳಿಯ ನಕ್ಷೆ ಇದೆ, ಕಂಬ ಯಾರು ನೋಡ್ತಾರೆ ಅಂತ ಕೇಳಬಹುದು. ಆದರೆ ಫೋನಿನ ನಕ್ಷೆ ಬಗ್ಗೆ ಜಗಳ ಮಾಡಬಹುದು, ಕಂಬದ ಮೇಲಿರುವುದರ ಬಗ್ಗೆ ಆಗುವುದಿಲ್ಲ. 3 ಏರಿತು ಅಂದರೆ ಕ್ಲಿಯರೆನ್ಸ್ ಪುಸ್ತಕ ಬೀರುವಿಗೆ. 2017ರ ಡಿಸೆಂಬರಿನಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪದ ಮೇಲೆ ಹಾದುಹೋಯಿತು. ಅದರ ನಂತರ ಈ ಬಗ್ಗೆ ಹೆಚ್ಚು ವಿವರಿಸಬೇಕಾದ ಅಗತ್ಯ ಇರಲಿಲ್ಲ. 2021ರ ಮೇ ತಿಂಗಳ ತೌಕ್ತೆ ಬಂದಾಗ ತಂಡೇಲರೇ ಮುಂಚೆ ಹಗ್ಗ ದುಪ್ಪಟ್ಟು ಮಾಡಿಕೊಂಡಿದ್ದರು.

ಹಗ್ಗ ಅಂದಾಗ ದಕ್ಕೆಯ ಕಥೆ ಹೇಳಬೇಕು. ಹಗ್ಗ ಕಟ್ಟಲು ಬೊಲ್ಲಾರ್ಡ್ ಅನ್ನುವ ಗಿಡ್ಡ ಗೂಟ ಇದೆ. ಅದು ಸಡಿಲವಾಗಿದ್ದರೆ ಜನ ದೀಪದ ಕಂಬಕ್ಕೆ ಕಟ್ಟುತ್ತಾರೆ. ಕಂಬ ವಾಲುತ್ತದೆ, ವಯರು ಹರಿಯುತ್ತದೆ, ದಕ್ಕೆ ಕತ್ತಲಾಗುತ್ತದೆ. ಮೂಲ ಎಲ್ಲಿ ಅಂದರೆ ತುಕ್ಕು ಹಿಡಿದ ನಾಲ್ಕು ಬೋಲ್ಟು. ಹಡಗು ದಕ್ಕೆಗೆ ಬಡಿಯದ ಹಾಗೆ ಫೆಂಡರ್ ಅಂತ ನಾವು ಹಾಕುವುದು ಹಳೆ ಲಾರಿ ಟಯರು. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಚೈನು ಮಾತ್ರ ಗಾಲ್ವನೈಸ್ ಆಗಿರಬೇಕು.

ಕಾಂಕ್ರೀಟಿನದ್ದು ದೊಡ್ಡ ರೋಗ. ದಕ್ಕೆಯ ಮೇಲೆ ನಿಂತವರಿಗೆ ಎಲ್ಲಾ ಸರಿ ಕಾಣುತ್ತದೆ. ಅಮಾವಾಸ್ಯೆಯ ಇಳಿತದಲ್ಲಿ ದೋಣಿಯಲ್ಲಿ ಕೂತು ಅಡಿಗೆ ಹೋಗಬೇಕು. ನೀರು ಏರಿ ಇಳಿಯುವ ಪಟ್ಟಿಯಲ್ಲಿ, ಒಮ್ಮೆ ಒದ್ದೆ ಒಮ್ಮೆ ಒಣ ಆಗುವಲ್ಲಿ, ಉಪ್ಪು ಒಳಗೆ ಇಳಿದು ಸರಳಿಗೆ ತುಕ್ಕು ಹಿಡಿಸಿರುತ್ತದೆ. ತುಕ್ಕು ಉಬ್ಬಿದಾಗ ಮೊದಲು ಸರಳಿನ ಉದ್ದಕ್ಕೆ ಕಂದು ಬಿರುಕು ಕಾಣುತ್ತದೆ. ಸುತ್ತಿಗೆಯಲ್ಲಿ ಕುಟ್ಟಿದರೆ ಗಟ್ಟಿ ಜಾಗ 'ಟಣ್' ಅನ್ನುತ್ತದೆ, ಪೊಳ್ಳು ಜಾಗ 'ಡಬ್' ಅನ್ನುತ್ತದೆ. ಡಬ್ ಅಂದಲ್ಲೆಲ್ಲ ಬಣ್ಣದಲ್ಲಿ ಗುರುತು ಹಾಕಿ ಫೋಟೊ ತೆಗೆಸುತ್ತಿದ್ದೆ. ಇಂಥ ಜಾಗಕ್ಕೆ ಐಎಸ್ 456 ಅನ್ನುವ ಕಾಂಕ್ರೀಟಿನ ಮಾನದಂಡ ಸರಳಿನ ಮೇಲೆ 75 ಮಿಲಿಮೀಟರ್ ಕವರು (ಕಾಂಕ್ರೀಟಿನ ಹೊದಿಕೆ), ಕನಿಷ್ಠ ಎಂ40 ದರ್ಜೆಯ ಕಾಂಕ್ರೀಟು ಕೇಳುತ್ತದೆ. ರಿಪೇರಿಗೆ ಬಂದವರು ಮೇಲಿನ ಸಡಿಲ ತೆಗೆದು ಗಾರೆ ಮೆತ್ತಿ ಹೋಗಲು ನೋಡುತ್ತಾರೆ. ಸರಳಿನ ಹಿಂಬದಿಯವರೆಗೆ ಕೆತ್ತಿ, ತುಕ್ಕು ಉಜ್ಜಿ, ಆಮೇಲೆ ತುಂಬಬೇಕು. ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಆ ಗಾರೆ ಸಿಪ್ಪೆಯಂತೆ ಎದ್ದು ಬರುತ್ತದೆ. ನಾನು ಬಿಲ್ಲಿಗೆ ಸಹಿ ಹಾಕುವ ಷರತ್ತು ಒಂದೇ: ಕೆತ್ತಿದ ಮೇಲೆ, ತುಂಬುವ ಮೊದಲು, ನನಗೆ ತೋರಿಸಬೇಕು.

ಮಳೆಗಾಲದಲ್ಲಿ ಬಂದರು ಮುಚ್ಚಿರುತ್ತದೆ ಅನ್ನುವುದು ಅರ್ಧ ನಿಜ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿ ಓಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ರಜೆ. ಅಂದರೆ ಎಲ್ಲಾ ಬೋಟುಗಳೂ ಒಳಗೇ. ಒಂದಕ್ಕೊಂದು ತಾಗಿಸಿ ಸಾಲಾಗಿ ಕಟ್ಟಿರುತ್ತಾರೆ. ಒಂದರಲ್ಲಿ ವೆಲ್ಡಿಂಗ್ ಕಿಡಿ ಹಾರಿದರೆ ಇಡೀ ಸಾಲಿಗೆ ಬೆಂಕಿ. ಡೀಸೆಲ್, ಬಲೆ, ಫೈಬರ್, ಮರ, ಉರಿಯದ ವಸ್ತು ಅಲ್ಲಿ ಯಾವುದೂ ಇಲ್ಲ. ಸಾಲುಗಳ ನಡುವೆ ಒಂದು ಬೋಟು ಹಾದುಹೋಗುವಷ್ಟು ಜಾಗ ಬಿಡಿಸುವುದಕ್ಕೆ ನಾನು ಖರ್ಚು ಮಾಡಿದ ಗಂಟಲು ಬೇರೆ ಯಾವುದಕ್ಕೂ ಮಾಡಿಲ್ಲ. ಮೀನುಗಾರರ ಮುಖಂಡರನ್ನು ಮೇ ತಿಂಗಳಲ್ಲೇ ಕೂರಿಸಿ, ಯಾರ ಬೋಟು ಎಲ್ಲಿ ಅಂತ ಅವರ ಕೈಯಲ್ಲೇ ನಕ್ಷೆ ಬರೆಸಿದರೆ ಅರ್ಧ ಜಗಳ ಕಡಿಮೆ. ಕಚೇರಿಯಿಂದ ನಕ್ಷೆ ಹೋದರೆ ಯಾರೂ ಕೇಳುವುದಿಲ್ಲ.

ಹೂಳೆತ್ತುವ ಕಾಗದವನ್ನೂ ಆ ತಿಂಗಳುಗಳಲ್ಲೇ ಮುಗಿಸಬೇಕು. ಇದರಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ. ಮಂಜೂರಾತಿ ಏಪ್ರಿಲಿನಲ್ಲಿ ಬಂದು ಡ್ರೆಜರ್ ಮೇ ತಿಂಗಳಲ್ಲಿ ಇಳಿದರೆ ಆ ದುಡ್ಡು ನದಿಗೇ ಹೋಯಿತು. ಜೂನಿನ ಮಳೆಗೆ ತೋಡಿದ್ದೆಲ್ಲ ತುಂಬುತ್ತದೆ. ಟೆಂಡರು ಮಳೆಗಾಲದಲ್ಲಿ ನಡೆಯಬೇಕು, ಯಂತ್ರ ಅಕ್ಟೋಬರಿನಲ್ಲಿ ಇಳಿಯಬೇಕು. ಆಗ ಇಡೀ ಸೀಸನ್ ಆ ಆಳ ಸಿಗುತ್ತದೆ. ಅಳತೆಯಲ್ಲೂ ಜಾಗ್ರತೆ ಬೇಕು. ಬಾರ್ಜಿನಲ್ಲಿ ತುಂಬಿದ ಹೂಳು ನೀರು ಕುಡಿದು ಉಬ್ಬಿರುತ್ತದೆ, ತಳದಲ್ಲಿದ್ದಾಗಿನ ಗಾತ್ರಕ್ಕಿಂತ ಜಾಸ್ತಿ ಕಾಣುತ್ತದೆ. ಬಾರ್ಜ್ ಲೆಕ್ಕದಲ್ಲಿ ಬಿಲ್ ಕೊಟ್ಟರೆ ತೆಗೆಯದ ಹೂಳಿಗೂ ದುಡ್ಡು ಕೊಟ್ಟ ಹಾಗೆ. ಕೆಲಸ ಶುರುವಾಗುವ ಮುಂಚಿನ ದಿನಗಳಲ್ಲಿ ಒಮ್ಮೆ, ಮುಗಿದ ಕೂಡಲೇ ಒಮ್ಮೆ, ನಾವೂ ಗುತ್ತಿಗೆದಾರರೂ ಒಂದೇ ದೋಣಿಯಲ್ಲಿ ಕೂತು ತಳ ಅಳೆಯಬೇಕು. ವ್ಯತ್ಯಾಸಕ್ಕೆ ಮಾತ್ರ ಬಿಲ್. ಒಬ್ಬ ಗುತ್ತಿಗೆದಾರರು ಇದಕ್ಕೆ ಒಪ್ಪಲಿಲ್ಲ. ಹಿಂದಿನ ವರ್ಷಗಳ ರಿಜಿಸ್ಟರ್ ತೆಗೆದು, ಅದೇ ಜಾಗದ ವಾರವಾರದ ಆಳ ಮೇಜಿನ ಮೇಲೆ ಇಟ್ಟೆ. ಮೇಲಿನವರಿಗೆ ಬೇರೆ ವಾದ ಬೇಕಾಗಲಿಲ್ಲ.

ತೆಗೆದ ಹೂಳನ್ನು ಎಲ್ಲಿ ಹಾಕುವುದು ಅನ್ನುವುದನ್ನೂ ಟೆಂಡರಿನಲ್ಲೇ ಬರೆಯಬೇಕು. ಹತ್ತಿರದಲ್ಲಿ ಸುರಿಯುವುದು ಡೀಸೆಲ್ ಉಳಿತಾಯ, ಅಷ್ಟೇ. ಅಲೆ ಅದನ್ನು ವಾಪಸ್ ಬಾಗಿಲಿಗೇ ತರುತ್ತದೆ. ಪ್ರತಿ ಟ್ರಿಪ್ಪಿನ ಜಿಪಿಎಸ್ ದಾಖಲೆ ಕೊಡದಿದ್ದರೆ ಆ ಟ್ರಿಪ್ಪಿಗೆ ಹಣ ಇಲ್ಲ ಅಂತ ಒಂದು ಸಾಲು ಸೇರಿಸಿ. ದಾರಿ ತೋರಿಸುವ ತೇಲು ಗುರುತು, ಅಂದರೆ ಬೋಯ್‌ಗಳನ್ನು ಮಾತ್ರ ಕೊನೆಯ ಅಳತೆ ಆದ ಮೇಲೆಯೇ ಹಾಕಿ, ಮೊದಲ ಮಂಜಿಗೆ ಕ್ಲಿಯರೆನ್ಸ್ ಬರೆಯುವ ಮುಂಚೆ.