ಒಲಿಂಪಿಕ್ಸ್ ಅರ್ಹತೆ: ಸುದ್ದಿ ಓದುವುದು ಹೀಗೆ

‘ಒಲಿಂಪಿಕ್ಸ್‌ಗೆ ಅರ್ಹತೆ’ ಎಂಬ ತಲೆಬರಹ ಕಂಡ ಕೂಡಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಭಿನಂದನೆಗಳ ಸುರಿಮಳೆ. ಸ್ವಲ್ಪ ತಾಳಿ. ಒಂದೊಂದು ಆಟದ ಲೆಕ್ಕವೂ ಬೇರೆ ಬೇರೆ. ಪ್ಯಾರಿಸ್ 2024 ಅನ್ನೇ ಇಟ್ಟುಕೊಂಡು ನೋಡೋಣ.

1. ಟಿಕೆಟ್ ಯಾರ ಹೆಸರಿನಲ್ಲಿದೆ?

ಮೊದಲು ಕೇಳಬೇಕಾದ್ದು ಇದನ್ನೇ. ಶೂಟಿಂಗ್, ಕುಸ್ತಿಗಳಲ್ಲಿ ಗೆದ್ದ ‘ಕೋಟಾ’, ಅಂದರೆ ಒಲಿಂಪಿಕ್ಸ್‌ನಲ್ಲಿ ಒಂದು ಸ್ಥಾನ, ಸೇರುವುದು ದೇಶದ ಖಾತೆಗೆ. 2022ರಲ್ಲಿ ಕೈರೊ ವಿಶ್ವ ಚಾಂಪಿಯನ್‌ಷಿಪ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ 18ರ ಹರೆಯದ ರುದ್ರಾಂಕ್ಷ್ ಪಾಟೀಲ್ ಚಿನ್ನ ಗೆದ್ದು ಕೋಟಾ ತಂದುಕೊಟ್ಟರು. 2024ರ ಏಪ್ರಿಲ್–ಮೇನಲ್ಲಿ ದೆಹಲಿ ಮತ್ತು ಭೋಪಾಲ್‌ನಲ್ಲಿ ಆಯ್ಕೆ ಟ್ರಯಲ್ಸ್ ನಡೆದವು. ಪ್ಯಾರಿಸ್‌ಗೆ ಹೋದವರು ಸಂದೀಪ್ ಸಿಂಗ್ ಮತ್ತು ಅರ್ಜುನ್ ಬಬೂತಾ! ಒಲಿಂಪಿಕ್ಸ್ ಹೊತ್ತಿಗೆ ಯಾರು ಲಯದಲ್ಲಿದ್ದಾರೋ ಅವರೇ ಹೋಗಲಿ ಎಂಬ ವಾದ ಸರಿಯೇ. ಬಬೂತಾ ಅಲ್ಲಿ ನಾಲ್ಕನೆಯವರೂ ಆದರು. ಆದರೂ ಕೋಟಾ ಗೆದ್ದ ಹುಡುಗ ಮನೆಯಲ್ಲಿ ಕೂತು ನೋಡಬೇಕಾಗಿ ಬಂದದ್ದು ನನಗಂತೂ ಇಂದಿಗೂ ಜೀರ್ಣವಾಗಿಲ್ಲ.

2. ಗಡಿ ಎಷ್ಟು, ಗಡುವು ಯಾವಾಗ?

ಅಥ್ಲೆಟಿಕ್ಸ್‌ನಲ್ಲಿ ಈ ಎರಡು ಸಂಖ್ಯೆ ಹುಡುಕಿ. ಪುರುಷರ ಜಾವೆಲಿನ್‌ಗೆ ಗಡಿ 85.50 ಮೀಟರ್, ಅವಧಿ 2023ರ ಜುಲೈ 1ರಿಂದ 2024ರ ಜೂನ್ 30. ನೀರಜ್ ಚೋಪ್ರಾ 2023ರ ಆಗಸ್ಟ್‌ನಲ್ಲೇ ಬುಡಾಪೆಸ್ಟ್‌ನಲ್ಲಿ 88.77 ಮೀಟರ್ ಎಸೆದು ನಿಶ್ಚಿಂತರಾದರು. ಗಡಿ ಮುಟ್ಟದವರಿಗೆ ವಿಶ್ವ ರ‍್ಯಾಂಕಿಂಗ್ ದಾರಿ ಉಂಟು. ಆದರೆ ವೈಯಕ್ತಿಕ ಸ್ಪರ್ಧೆಗೆ ದೇಶದಿಂದ ಮೂವರೇ.

3. ರ‍್ಯಾಂಕಿಂಗ್ ಇದ್ದರೆ ಪಕ್ಕದವರನ್ನೂ ನೋಡಿ

ಬ್ಯಾಡ್ಮಿಂಟನ್‌ನಲ್ಲಿ ಎದುರಾಳಿ ನಮ್ಮವರೇ ಆಗಿರಬಹುದು. ಮಹಿಳೆಯರ ಡಬಲ್ಸ್‌ನಲ್ಲಿ ಒಂದೇ ದೇಶದ ಎರಡು ಜೋಡಿಗೆ ಅವಕಾಶ ಸಿಗಬೇಕಾದರೆ ಎರಡೂ ಮೊದಲ ಎಂಟರೊಳಗಿರಬೇಕು. ಕೊಡಗಿನ ಅಶ್ವಿನಿ ಪೊನ್ನಪ್ಪ–ತನಿಷಾ ಕ್ರಾಸ್ಟೊ ಮುಂದಿದ್ದರು, ಟ್ರೀಸಾ ಜಾಲಿ–ಗಾಯತ್ರಿ ಗೋಪಿಚಂದ್ ಹೊರಗುಳಿದರು.

4. ಈಜಿನಲ್ಲಿ ‘ಎ’ ಇದೆಯೇ?

ಬೆಂಗಳೂರಿನ ಶ್ರೀಹರಿ ನಟರಾಜ್ ಟೋಕಿಯೊಗೆ ಹೋದದ್ದು 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 53.77 ಸೆಕೆಂಡ್ ಈಜಿ. ‘ಎ’ ಮಟ್ಟ, ಅಂದರೆ ನೇರ ಅರ್ಹತೆಗೆ ಬೇಕಾದ ಸಮಯ, 53.85. ಪ್ಯಾರಿಸ್‌ಗೆ ಅವರೂ 14 ವರ್ಷದ ಧಿನಿಧಿ ದೇಸಿಂಘು ಅವರೂ ಹೋದದ್ದು ಯೂನಿವರ್ಸಾಲಿಟಿ ಕೋಟಾದಲ್ಲಿ. ಯಾರೂ ಅರ್ಹತೆ ಪಡೆಯದ ದೇಶಕ್ಕೆ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಕಳಿಸಲು ಕೊಡುವ ಅವಕಾಶವದು. ಇದಕ್ಕೆ ಕೊಂಕು ಬೇಡ, ದೇಶದೊಳಗೆ ಮೊದಲಿಗರಾಗದೆ ಅದೂ ಸಿಗದು.

5. ಅಂತಿಮ ಪಟ್ಟಿ ಬರಲಿ

ಲಾಂಗ್‌ಜಂಪ್ ಗಡಿ 8.27 ಮೀಟರ್. ಮುರಳಿ ಶ್ರೀಶಂಕರ್ 2023ರಲ್ಲಿ ಬ್ಯಾಂಕಾಕ್‌ನಲ್ಲಿ 8.37 ಹಾರಿದ್ದರು. 2024ರ ಏಪ್ರಿಲ್‌ನಲ್ಲಿ ಅಭ್ಯಾಸದ ವೇಳೆ ಮೊಣಕಾಲಿಗೆ ಪೆಟ್ಟಾಯಿತು. ಪ್ಯಾರಿಸ್‌ಗೆ ಹೊರಟ 117 ಮಂದಿಯಲ್ಲಿ ಅವರ ಹೆಸರಿರಲಿಲ್ಲ.