ಕೆಂಟಕಿ ಪದ್ಧತಿಯ ಕುರಿ ಬಾರ್ಬೆಕ್ಯೂ, ಕಲಬುರಗಿಯ ಡ್ರಮ್ಮಿನಲ್ಲಿ

ಅಮೆರಿಕದ ದಕ್ಷಿಣ ಸೀಮೆಯ ಬಾರ್ಬೆಕ್ಯೂ ಅಂದರೆ ಎಲ್ಲರ ಕಣ್ಣೂ ಟೆಕ್ಸಾಸ್‌ನ ಬ್ರಿಸ್ಕೆಟ್ ಮೇಲೆ. ಅದು ದನದ ಎದೆಭಾಗ. ಪೂರ್ವ ನಾರ್ತ್ ಕ್ಯಾರೊಲಿನಾದಲ್ಲಿ ಇಡೀ ಹಂದಿ, ಅದಕ್ಕೆ ವಿನೆಗರ್-ಮೆಣಸಿನ ನೀರು. ಸೌತ್ ಕ್ಯಾರೊಲಿನಾದಲ್ಲಿ ಸಾಸಿವೆ ಸಾಸ್. ಮೆಂಫಿಸ್‌ನಲ್ಲಿ ಒಣ ಮಸಾಲೆ ಸವರಿದ ಹಂದಿ ಪಕ್ಕೆಲುಬು. ಕಲಬುರಗಿಯಲ್ಲೋ ಬೀದರಿನಲ್ಲೋ ಕೂತು ಇವನ್ನು ನಕಲು ಮಾಡಲು ಹೊರಟರೆ ಮಾಂಸ ಹುಡುಕುವುದರಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಪಶ್ಚಿಮ ಕೆಂಟಕಿಯದು ಹಾಗಲ್ಲ. ಓಹಾಯೊ ನದಿ ದಂಡೆಯ ಓವೆನ್ಸ್‌ಬರೊ ಊರಿನಲ್ಲಿ ಬಾರ್ಬೆಕ್ಯೂ ಅಂದರೆ ಕುರಿ, ಅದೂ ಚೆನ್ನಾಗಿ ಬಲಿತದ್ದು. ಹಿಕರಿ ಕಟ್ಟಿಗೆಯ ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯಿಸಿ, ‘ಬ್ಲ್ಯಾಕ್ ಡಿಪ್’ ಎಂಬ ಕಪ್ಪು ಹುಳಿನೀರು ಹಚ್ಚುತ್ತಾರೆ. ನಮ್ಮ ಸೀಮೆಯವರು ಶುರು ಮಾಡಬೇಕಾದದ್ದು ಇಲ್ಲಿಂದಲೇ. ಒಲೆ ಮಾತ್ರ ಕಬ್ಬಿಣದ ಡ್ರಮ್ಮಿನದು: ತಳದಲ್ಲಿ ಇದ್ದಿಲು, ಮೇಲೆ ಜಾಳಿಯಲ್ಲಿ ಮಾಂಸ, ಅದರ ಮೇಲೆ ಮುಚ್ಚಳ.

ಯಾವ ಕುರಿ, ಯಾವ ಭಾಗ

ಮಟನ್ ಅಂಗಡಿಯಲ್ಲಿ ಎಲ್ಲರೂ ಎಳೆಯದನ್ನು ಕೇಳುತ್ತಾರೆ. ನಿಮಗೆ ಬೇಕಾದದ್ದು ಬಲಿತದ್ದು: ಎರಡು ಹಲ್ಲು ಬಂದದ್ದು, ನಾಲ್ಕು ಹಲ್ಲಿನದಾದರೆ ಇನ್ನೂ ಒಳ್ಳೆಯದು. ವಯಸ್ಸಾದಷ್ಟೂ ಸ್ನಾಯುಗಳ ನಡುವಿನ ನಾರು, ಅಂದರೆ ಕೊಲಾಜನ್, ಗಟ್ಟಿಯಾಗಿರುತ್ತದೆ. ನಿಧಾನದ ಉರಿಯಲ್ಲಿ ಅದೇ ಕರಗಿ ಅಂಟಂಟಾದ ಜಿಲೆಟಿನ್ ಆಗುತ್ತದೆ. ಎಳೆ ಮರಿಯನ್ನು ಆರು ತಾಸು ಡ್ರಮ್ಮಿನಲ್ಲಿಟ್ಟರೆ ಒಣಗಿದ ಎಳೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಆಡಿನ ಮಾಂಸವೂ ಇದಕ್ಕೆ ಹೊಂದುವುದಿಲ್ಲ. ಅದರ ಮೈಮೇಲೆ ಕೊಬ್ಬಿನ ಪದರವೇ ಕಡಿಮೆ. ಬೆನ್ನು, ಭುಜದ ಮೇಲೆ ಬಿಳಿ ಕೊಬ್ಬು ದಪ್ಪಗೆ ಕೂತಿದ್ದರೆ ಕುರಿ ಎಂದು ತಿಳಿಯಿರಿ.

ಭಾಗ ದಸ್ತಿ, ಅಂದರೆ ಮುಂಗಾಲಿನೊಂದಿಗೆ ಭುಜ. ಡೆಕ್ಕನಿ ಕುರಿಯ ಒಂದು ದಸ್ತಿ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಕಿಲೊ ತೂಗುತ್ತದೆ. ಎರಡು ದಸ್ತಿಯಲ್ಲಿ ಎಂಟು ಮಂದಿ ಊಟ ಮಾಡಬಹುದು. ‘ಕೊಚ್ಚಬ್ಯಾಡ್ರಿ, ಅಖಂಡ ಕೊಡ್ರಿ’ ಎಂದು ಕತ್ತಿ ಎತ್ತುವ ಮೊದಲೇ ಹೇಳಿ, ಇಲ್ಲವಾದರೆ ಕೈ ಅಭ್ಯಾಸದಲ್ಲಿ ತುಂಡು ಬಿದ್ದಿರುತ್ತದೆ. ರಾನ್, ಅಂದರೆ ಹಿಂದೊಡೆ, ನೋಡಲು ಚೆಂದ, ಆದರೆ ಅದರಲ್ಲಿ ನಾರೂ ಕೊಬ್ಬೂ ಕಡಿಮೆ, ಇಷ್ಟು ಹೊತ್ತು ತಾಳುವುದಿಲ್ಲ. ಸೀನಾ, ಅಂದರೆ ಎದೆಭಾಗ, ಜೊತೆಗೆ ಹಾಕಿಸಿಕೊಳ್ಳಿ. ದಸ್ತಿಗಿಂತ ಬೇಗ ಆಗುವ ಅದು ಅಡುಗೆಯವರ ಪಾಲು.

ಮೇಲಿನ ಕೊಬ್ಬನ್ನು ಕಾಲಿಂಚಿನಷ್ಟು ಉಳಿಸಿ ಮಿಕ್ಕದ್ದು ಕತ್ತರಿಸಿ ತೆಗೆಯಿರಿ. ಬಲಿತ ಕುರಿಯ ಗಾಢ ವಾಸನೆ ಇರುವುದೇ ಕೊಬ್ಬಿನಲ್ಲಿ.

ನಮ್ಮಲ್ಲಿ ಮಾಂಸ ಕೊಯ್ದ ಎರಡು ತಾಸಿನೊಳಗೆ ಒಲೆ ಏರುತ್ತದೆ. ಈ ಅಡುಗೆಗೆ ಆ ಅವಸರ ಬೇಡ. ಕೊಯ್ದ ಕೆಲವು ತಾಸಿನಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಆ ಹಂತದಲ್ಲಿ ಬೇಯಿಸಿದರೆ ರಬ್ಬರು. ತಂದದ್ದನ್ನು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಒಂದು ಪೂರ್ತಿ ದಿನ ಇಡಿ. ಬಿಸಿ ಮಾಂಸವನ್ನು ನೇರ ಫ್ರೀಜರ್‌ಗೆ ತಳ್ಳುವುದು ಇನ್ನೂ ಕೆಟ್ಟದ್ದು. ಸೆಟೆಯುವ ಮೊದಲೇ ಚಳಿ ಹಿಡಿದರೆ ಎಳೆಗಳು ಮುದುಡಿ ಗಟ್ಟಿಯಾಗುತ್ತವೆ.

ಹಿಂದಿನ ರಾತ್ರಿ ಉಪ್ಪು ಹಚ್ಚಬೇಕು. ಎರಡು ಕಿಲೊ ದಸ್ತಿಗೆ 25 ಗ್ರಾಂ ಉಪ್ಪು, ತರಿತರಿಯಾಗಿ ಕುಟ್ಟಿದ ಕರಿಮೆಣಸು ಎರಡು ದೊಡ್ಡ ಚಮಚ. ಮುಚ್ಚದೆ ಫ್ರಿಜ್ಜಿನಲ್ಲಿಟ್ಟರೆ ಮೇಲ್ಮೈ ಒಣಗಿ ಹೊಗೆಯ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮೊಸರು, ಶುಂಠಿ-ಬೆಳ್ಳುಳ್ಳಿ, ಗರಂ ಮಸಾಲೆ ಹಚ್ಚಿದರೆ ಕೆಟ್ಟದ್ದೇನೂ ಆಗುವುದಿಲ್ಲ, ತಂದೂರಿ ಆಗುತ್ತದೆ ಅಷ್ಟೇ.

ಡ್ರಮ್ಮು

200 ಲೀಟರಿನ ಕಬ್ಬಿಣದ ಡ್ರಮ್ಮು, ಮುಚ್ಚಳ ಪೂರ್ತಿ ಕಳಚಿ ಬರುವಂಥದ್ದು. ಖಾದ್ಯ ತೈಲ ತುಂಬಿದ್ದೆಂದು ಖಾತ್ರಿಯಾದರೆ ಮಾತ್ರ ತನ್ನಿ. ಕಪನೂರು, ಕೊಳಾರ, ಕಡೇಚೂರು ಕೈಗಾರಿಕಾ ಪ್ರದೇಶಗಳ ಆಸುಪಾಸಿನ ಗುಜರಿಯಲ್ಲಿ ಡ್ರಮ್ಮು ಕಂಡರೆ ಒಳಗೆ ಏನಿತ್ತೆಂದು ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಬಿಟ್ಟುಬನ್ನಿ. ರಾಸಾಯನಿಕ ತುಂಬಿದ್ದನ್ನು ಸುಟ್ಟು ಶುದ್ಧ ಮಾಡುವ ದಾರಿಯಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕಾದದ್ದು ಇಷ್ಟು. ತಳದಿಂದ ಎರಡು ಇಂಚು ಮೇಲೆ ಸುತ್ತಲೂ ಸಮ ಅಂತರದಲ್ಲಿ ಆರು ಸೂತಿನ, ಅಂದರೆ ಮುಕ್ಕಾಲು ಇಂಚಿನ, ಮೂರು ತೂತು. ಪ್ರತಿಯೊಂದಕ್ಕೂ ಗಿಡ್ಡ ಪೈಪು, ಬಿಗಿಯುವ ಎಂಡ್ ಕ್ಯಾಪ್. ಮುಚ್ಚಳದಲ್ಲಿ ಅರ್ಧ ಇಂಚಿನ ಎಂಟು ತೂತು. ಒಳಗೆ ಇದ್ದಿಲಿಗೆ 15 ಇಂಚು ಅಗಲ, 8 ಇಂಚು ಎತ್ತರದ ಜಾಳಿ ಬುಟ್ಟಿ. ಬೂದಿ ಕೆಳಗೆ ಉದುರಲು ಮೂರಿಂಚಿನ ಕಾಲು. ಮೇಲಂಚಿನಿಂದ ಏಳು ಇಂಚು ಕೆಳಗೆ ನಾಲ್ಕು ಬೋಲ್ಟು, ಅವುಗಳ ಮೇಲೆ 22 ಇಂಚಿನ ಸ್ಟೀಲ್ ಸರಳಿನ ಜಾಳಿ. ಹೀಗೆ ಮಾಡಿದರೆ ಬುಟ್ಟಿಯ ತಳಕ್ಕೂ ಮಾಂಸಕ್ಕೂ ಸುಮಾರು ಎರಡಡಿ ಅಂತರ ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ತಳ ಸುಟ್ಟು ಮೇಲೆ ಹಸಿ. ಬುಟ್ಟಿಗಾಗಲಿ ಜಾಳಿಗಾಗಲಿ ಜಿಐ, ಅಂದರೆ ಜಿಂಕ್ ಲೇಪದ, ಸಾಮಾನು ಹಾಕಗೊಡಬೇಡಿ, ಕಾದಾಗ ಜಿಂಕ್ ಹೊಗೆ ಬರುತ್ತದೆ. ಮುಚ್ಚಳದ ರಬ್ಬರ್ ಪಟ್ಟಿ ಕಿತ್ತು ಬಿಸಾಡಿ.

ಆಮೇಲೆ ಊರಾಚೆ ಒಯ್ದು ಒಳಗೆ ದೊಡ್ಡ ಕಟ್ಟಿಗೆ ಬೆಂಕಿ ಹಾಕಿ ಒಳಬಣ್ಣ ಪೂರ್ತಿ ಸುಡಬೇಕು. ತೊಗರಿ ಕಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ್ದು, ಭರ್ರನೆ ಉರಿಯುತ್ತದೆ. ತಂತಿ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಕುಸುಬಿ ಎಣ್ಣೆಯ ತೆಳುಲೇಪ ಕೊಟ್ಟು ಮೂರು ತಾಸು ಬರೀ ಇದ್ದಿಲಿನಲ್ಲಿ ಕಾಯಿಸಿದರೆ ಡ್ರಮ್ಮು ಸಿದ್ಧ.

ಅಂಗಳಕ್ಕೆ ಶಹಾಬಾದ್ ಪರಸಿ ಹಾಸಿದ್ದರೆ ನೇರ ಅದರ ಮೇಲಿಡಬೇಡಿ. ಸುಣ್ಣದ ಕಲ್ಲು ತಳದ ಕಾವಿಗೆ ಪಟ್ಟೆಂದು ಸೀಳುತ್ತದೆ. ಇಟ್ಟಿಗೆ ಜೋಡಿಸಿ ಎರಡಿಂಚು ಮರಳು ಹಾಕಿ ಅದರ ಮೇಲಿಡಿ. ಹೊಲದ ಮನೆಯಾದರೆ ಕಣಿಕೆ ಬಣಮಿಯಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿಕೊಂಡು. ಶೆಡ್ಡಿನೊಳಗೆ ಮಾತ್ರ ಬೇಡವೇ ಬೇಡ. ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ಕಟ್ಟಿಗೆ

ಹಿಕರಿ ಸಿಗುವುದಿಲ್ಲ, ಕೊರಗಬೇಡಿ. ಉರಿಗೆ ಬೇಕಾದ ಇದ್ದಿಲು ನಮ್ಮಲ್ಲಿ ಬಳ್ಳಾರಿ ಜಾಲಿಯದೇ ಸಿಗುತ್ತದೆ, ಮತ್ತು ಇದು ಪಶ್ಚಿಮ ಟೆಕ್ಸಾಸಿನವರು ಮಾಂಸ ಸುಡಲು ಬಳಸುವ ಮೆಸ್ಕೀಟ್ ಮರದ ಖಾಸಾ ದಾಯಾದಿ. ಎರಡೂ ಒಂದೇ ಕುಲದವು. ಮೆಸ್ಕೀಟಿನ ಗುಣವೂ ದೋಷವೂ ಇದಕ್ಕಿದೆ: ಇದ್ದಿಲಾದರೆ ಬೆಂಕಿ ಬಲು ಗಟ್ಟಿ, ಹಸಿ ಕಟ್ಟಿಗೆಯಾಗಿ ಹಾಕಿದರೆ ಹೊಗೆ ಖಾರ, ಆರು ತಾಸಿನಲ್ಲಿ ಮಾಂಸ ಕಹಿ. ಹೀಗಾಗಿ ಉರಿಗೆ ಜಾಲಿ ಇದ್ದಿಲು, ಹೊಗೆಗೆ ಪೇರಲ ಅಥವಾ ಮಾವು. ವರ್ಷ ಒಣಗಿದ, ಸಿಪ್ಪೆ ಸುಲಿದ, ಮುಷ್ಟಿ ಗಾತ್ರದ ನಾಲ್ಕೈದು ತುಂಡು ಸಾಕು. ನೀರಲ್ಲಿ ನೆನೆಸುವ ಪದ್ಧತಿಗೆ ಅರ್ಥವಿಲ್ಲ. ಆ ನೀರು ಆವಿಯಾಗುವ ತನಕ ಉರಿ ಕುಂಟುತ್ತದೆ.

ಬೇವು ಕಹಿ, ನೀಲಗಿರಿ ಎಣ್ಣೆಮಯ, ಎರಡೂ ಬೇಡ. ರಸ್ತೆ ನಡುವಿನ ಕಣಗಿಲೆಯ ಕಡ್ಡಿಯನ್ನು ಉರಿಗೂ ಸುಡುವ ಸರಳಿಗೂ ಮುಟ್ಟಬೇಡಿ. ಅದು ವಿಷ.

ಕಪ್ಪು ಹುಳಿನೀರು

ಎರಡು ದಸ್ತಿಗೆ: ನೀರು ಒಂದು ಲೀಟರ್, ವುಸ್ಟರ್‌ಶೈರ್ ಸಾಸ್ 200 ಮಿಲಿ, ವಿನೆಗರ್ 100 ಮಿಲಿ, ಒಂದು ನಿಂಬೆಯ ರಸ, ಬೆಲ್ಲ 30 ಗ್ರಾಂ, ಕರಿಮೆಣಸಿನ ಪುಡಿ ಒಂದು ದೊಡ್ಡ ಚಮಚ, ಉಪ್ಪು ಎರಡು ಸಣ್ಣ ಚಮಚ, ಜಜ್ಜಿದ ಬೆಳ್ಳುಳ್ಳಿ ನಾಲ್ಕೈದು ಎಸಳು. ಅಲ್ಲಿಯವರು ಆಲ್‌ಸ್ಪೈಸ್ ಹಾಕುತ್ತಾರೆ. ಎರಡು ಲವಂಗ, ಚೂರು ದಾಲ್ಚಿನ್ನಿ ಹಾಕಿದರೆ ನಡೆಯುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸಿ ಸೋಸಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತದೆ. ವುಸ್ಟರ್‌ಶೈರ್ ಇಲ್ಲವಾದರೆ ಅದರ ಮೂಲ ಸಾಮಾನಿನಲ್ಲೇ ಹುಣಸೆ ಇದೆಯೆಂಬುದು ನೆನಪಿರಲಿ: 40 ಗ್ರಾಂ ಹಳೆ ಹುಣಸೆಯ ರಸ, ಬೆಲ್ಲ ಇನ್ನು 20 ಗ್ರಾಂ, ಎರಡು ಚಮಚ ಸೋಯಾ ಸಾಸ್.

ಅರ್ಧವನ್ನು ಬೇರೆ ತೆಗೆದಿಡಿ, ಅದು ಊಟಕ್ಕೆ. ಹಸಿ ಮಾಂಸಕ್ಕೆ ಹಚ್ಚಿದ ಬ್ರಷ್ಷು ಅದರಲ್ಲಿ ಅದ್ದಬಾರದು.

ಉರಿ ಮತ್ತು ಹೊತ್ತು

ಅಮೆರಿಕದ ಪಾಕಪಟ್ಟಿಯಲ್ಲಿ 225, 250 ಎಂದಿದ್ದರೆ ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 107, 121 ಡಿಗ್ರಿ. ಡ್ರಮ್ಮಿನ ಗುರಿ 110ರಿಂದ 120. ಥರ್ಮಾಮೀಟರ್ ಜಾಳಿಯ ಮಟ್ಟದಲ್ಲಿರಲಿ.

ಬುಟ್ಟಿಗೆ ನಾಲ್ಕೈದು ಕಿಲೊ ಇದ್ದಿಲು ತುಂಬಿ, ಪುಡಿ ಜರಡಿ ಹಿಡಿದು ತೆಗೆಯಿರಿ. ಪುಡಿ ಸೇರಿದರೆ ಗಾಳಿ ಆಡುವುದಿಲ್ಲ. ನಡುವೆ ಗುಣಿ ಮಾಡಿ, ಹೊಗೆ ಕಟ್ಟಿಗೆಯ ತುಂಡುಗಳನ್ನು ಸುತ್ತ ಹುದುಗಿಸಿ. ಬೇರೆ ಒಲೆಯಲ್ಲಿ ಹದಿನೈದಿಪ್ಪತ್ತು ಕೆಂಡ ಮಾಡಿಕೊಂಡು ಗುಣಿಗೆ ಸುರಿಯಿರಿ. ಸೀಮೆಎಣ್ಣೆ ಸುರಿದರೆ ಅದೇ ವಾಸನೆಯ ಮಾಂಸ ತಿನ್ನಬೇಕಾಗುತ್ತದೆ. ಕೆಂಡ ಮೇಲಿಂದ ನಿಧಾನವಾಗಿ ಹಬ್ಬುತ್ತ ಆರೇಳು ತಾಸು ತಾನೇ ನಡೆಯುತ್ತದೆ.

ಮುಚ್ಚಳ ಹಾಕಿ, ಮೂರೂ ಗಾಳಿತೂತು ತೆರೆದಿಡಿ. 95 ಮುಟ್ಟುತ್ತಿದ್ದಂತೆ ಒಂದು ಮುಚ್ಚಿ, 105ಕ್ಕೆ ಇನ್ನೊಂದು. 140ಕ್ಕೆ ಏರಿದ ಮೇಲೆ ಮುಚ್ಚುತ್ತ ಕೂತರೆ ಇಳಿಯಲು ತಾಸೇ ಬೇಕು. ಏರಿಸುವುದು ಸುಲಭ, ಇಳಿಸುವುದು ಕಷ್ಟ. ಏಪ್ರಿಲ್-ಮೇ ಬಿಸಿಲಿನಲ್ಲಿ ಡ್ರಮ್ಮಿನ ಮೈ ತಾನೇ ಕಾದಿರುವುದರಿಂದ ನಸುಕಿನಲ್ಲಿ ಹಚ್ಚಿ, ನೆರಳಿಡಿ.

ಮೊದಲ ಇಪ್ಪತ್ತು ನಿಮಿಷ ಮುಚ್ಚಳದ ತೂತಿನಿಂದ ದಪ್ಪ ಬಿಳಿ ಹೊಗೆ ಬರುತ್ತದೆ, ಕಣ್ಣು ಉರಿಸುತ್ತದೆ. ಆಗ ಮಾಂಸ ಇಡಬೇಡಿ. ಹೊಗೆ ತೆಳುವಾಗಿ ನೀಲಿಗೆ ತಿರುಗಿ, ಆಚೆಯ ಗೋಡೆ ಅದರೊಳಗಿಂದ ಕಾಣುವಂತಾದಾಗ ಇಡಿ. ಅವಸರಪಟ್ಟವರ ಮಾಂಸ ಕಪ್ಪಗೆ ಮಿಂಚುತ್ತದೆ, ನಾಲಿಗೆ ಜೋಮು ಹಿಡಿಸುತ್ತದೆ, ತೊಳೆದರೂ ಹೋಗದು.

ಎರಡು ತಾಸು ಮುಚ್ಚಳ ತೆಗೆಯಬೇಡಿ. ಆಮೇಲೆ ತಾಸಿಗೊಮ್ಮೆ ಹುಳಿನೀರು ಹಚ್ಚಿ ಕೂಡಲೇ ಮುಚ್ಚಿ. ತೆರೆದಿಟ್ಟರೆ ಗಾಳಿ ನುಗ್ಗಿ, ತೊಟ್ಟಿಕ್ಕಿದ ಕೊಬ್ಬಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮಾಂಸದ ಒಳಗಿನ ಉಷ್ಣ 65ರಿಂದ 75ರ ನಡುವೆ ಎಲ್ಲೋ ನಿಂತುಬಿಡುತ್ತದೆ, ತಾಸು-ಒಂದೂವರೆ ತಾಸು ಕದಲುವುದಿಲ್ಲ. ಬೆಂಕಿ ಆರಿಲ್ಲ. ಮೈಯಿಂದ ತೇವ ಆವಿಯಾಗುತ್ತ, ಬೆವರು ಆರಿದಾಗ ಮೈ ತಂಪಾಗುವಂತೆ ಮಾಂಸವನ್ನು ತಂಪು ಮಾಡುತ್ತಿರುತ್ತದೆ. ಇಲ್ಲಿ ಉರಿ ಜೋರು ಮಾಡುವುದೇ ಎಲ್ಲರೂ ಮಾಡುವ ತಪ್ಪು. ಹೊತ್ತಿಲ್ಲವೆಂದರೆ ಎರಡು ಪದರ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಹೊರಪದರ ಸ್ವಲ್ಪ ಮೆತ್ತಗಾಗುತ್ತದೆ, ತಾಸು ಉಳಿಯುತ್ತದೆ.

ಐದೂವರೆಯಿಂದ ಏಳು ತಾಸಿನಲ್ಲಿ ಮಾಂಸದ ಒಳಗೆ 93-95 ಡಿಗ್ರಿ ತೋರಿಸಬೇಕು. ಅಂಕಿಗಿಂತ ಎಲುಬು ನಂಬಿ: ಭುಜದ ಹಲಗೆ ಎಲುಬನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ತಡೆಯಿಲ್ಲದೆ ಕಳಚಿ ಬರಬೇಕು, ಅದರ ಮೇಲೆ ಮಾಂಸದ ಎಳೆ ಉಳಿಯಬಾರದು. 80ರಲ್ಲಿ ಚುಚ್ಚಿ ನೋಡಿ ‘ಗಟ್ಟಿಯಾಯಿತು, ಹೆಚ್ಚು ಬೆಂದಿದೆ’ ಎನ್ನುವವರಿದ್ದಾರೆ. ನಿಜಕ್ಕೂ ಅದು ಇನ್ನೂ ಬೆಂದಿಲ್ಲ.

ತೆಗೆದು ಫಾಯಿಲ್ ಸುತ್ತಿ, ಹಳೆ ಕೌದಿಯಲ್ಲಿ ಮುಚ್ಚಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮುಕ್ಕಾಲು ತಾಸು ಬಿಡಿ. ಕೈಯಿಂದ ಬಿಡಿಸಿ, ಮರದ ಹಲಗೆಯ ಮೇಲೆ ಒರಟಾಗಿ ಕೊಚ್ಚಿ, ತೆಗೆದಿಟ್ಟ ಹುಳಿನೀರನ್ನು ಬಿಸಿ ಮಾಡಿ ಒಂದು ಲೋಟದಷ್ಟು ಬೆರೆಸಿ. ಓವೆನ್ಸ್‌ಬರೊದಲ್ಲಿ ರೈ ಬ್ರೆಡ್ಡು, ಹಸಿ ಈರುಳ್ಳಿ, ಉಪ್ಪಿನ ಸೌತೆಕಾಯಿ ಜೊತೆಗಿಡುತ್ತಾರೆ. ಇಲ್ಲಿ ಬಿಸಿ ಜೋಳದ ರೊಟ್ಟಿ, ಉಳ್ಳಾಗಡ್ಡಿ ಸಾಕು. ಕಟಕ ರೊಟ್ಟಿ ಹೊಂದುವುದಿಲ್ಲ, ಮಾಂಸದ ರಸ ಹೀರಲು ಮೆತ್ತಗಿನದೇ ಬೇಕು. ಕುರಿ ಕೊಬ್ಬು ಆರಿದರೆ ಅಂಗುಳಕ್ಕೆ ಮೇಣದಂತೆ ಅಂಟುತ್ತದೆ, ತಟ್ಟೆ ಬಿಸಿಯಿರಲಿ.

ಗಾಳಿತೂತು, ಮುಚ್ಚಳದ ತೂತು ಎಲ್ಲ ಮುಚ್ಚಿದರೆ ಉಳಿದ ಇದ್ದಿಲು ಆರಿ ಮುಂದಿನ ಬಾರಿಗೆ ಬರುತ್ತದೆ. ಎಲುಬು ಬಿಸಾಡಬೇಡಿ: ಅವನ್ನು ಎರಡು ತಾಸು ಕುದಿಸಿ, ಗೋವಿನಜೋಳದ ಕಾಳು, ಆಲೂಗಡ್ಡೆ, ಕೋಸು, ಟೊಮೆಟೊ, ಚೂರುಪಾರು ಮಾಂಸ ಹಾಕಿ ಗಟ್ಟಿ ಸಾರು ಮಾಡಿದರೆ ಕೆಂಟಕಿಯವರ ಬರ್ಗೂ. ಉಪ್ಪು ಕೊನೆಗೆ ಹಾಕಿ, ಎಲುಬಿನಲ್ಲಿ ಆಗಲೇ ಸಾಕಷ್ಟಿರುತ್ತದೆ.